ಎರಡಾನೆ ಕನ್ನಡಿ ಮತ್ತು ನನ್ನ ಸೊಟ್ಟ ಬಾಯಿ

ಕನ್ನಡಿಯ ಮುಂದೆ ಹೆಂಗಸರೇ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬ ಮಾತನ್ನು ಮೊದಲು ಹೇಳಿದವನು ಖಂಡಿತ ಗಂಡಸೇ ಇರಬೇಕು. ಹೇಳುವಾಗ ಅವನು ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಳ್ಳುತ್ತಿದ್ದಿರಬೇಕು. ನಮ್ಮ ಮನೆಯ ಹೆಂಗಸರಿಬ್ಬರೂ ಕನ್ನಡಿಗೆ ಕೊಡುವ ಹೊತ್ತು ಬಹಳ ಕಡಿಮೆ. ನನ್ನ ಹೆಂಡತಿ ಸುಜಾತ ಫ್ರಿಜ್ಜಿನ ಬಾಗಿಲಲ್ಲೋ ಬೆಳಗಿಟ್ಟ ಸ್ಟೀಲ್ ತಟ್ಟೆಯಲ್ಲೋ ಮುಖ ನೋಡಿಕೊಂಡು ಬೊಟ್ಟಿಟ್ಟು ಹೊರಟುಬಿಡುತ್ತಾಳೆ. ಅಮ್ಮನಿಗೆ ಅದೂ ಬೇಡ, 'ಎಪ್ಪತ್ತೈದು ವರ್ಷ ಆತು, ಹಣೆ ಎಲ್ಲೈತೆ ಅಂತ ಬೆರಳಿಗೆ ಗೊತ್ತಿಲ್ವಾ' ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ಈ ಮನೆಯಲ್ಲಿ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಂತವನು ನಾನೊಬ್ಬನೇ. ಅದೂ ಐವತ್ತೆರಡನೆಯ ವಯಸ್ಸಿನಲ್ಲಿ, ಎರಡು ತಿಂಗಳು ಬಿಡದೆ. ಚೆಲುವು ನೋಡಿಕೊಳ್ಳಲು ನಿಂತಿದ್ದರೆ ಹೇಗೋ ಸಮರ್ಥಿಸಿಕೊಳ್ಳಬಹುದಿತ್ತು. ನಾನು ನಿಂತದ್ದು ಅಣಕಿಸಲು.

ಕನ್ನಡಿ ಮನೆಗೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಸುಜಾತಳ ಚಿಕ್ಕಮ್ಮನ ಮಗಳು ತನ್ನ ಮನೆಯ ಗೋಡೆಗೆ ಕೆತ್ತನೆ ಚೌಕಟ್ಟಿನ ಹಳೇ ಕನ್ನಡಿಯೊಂದನ್ನು ತೂಗುಹಾಕಿ, ಅದರ ಚಿತ್ರವನ್ನು ಮೊಬೈಲಿನ ಸ್ಟೇಟಸ್ಸಿನಲ್ಲಿ ಮೂರು ದಿನ ಬಿಡದೆ ಹಾಕಿದಳು. ನಾಲ್ಕನೆಯ ದಿನ ಮಧುಗಿರಿಯ ನಮ್ಮ ಮನೆಯ ಹಜಾರದ ಗೋಡೆ ಬೋಳಾಗಿ ಕಾಣತೊಡಗಿತು. ಹತ್ತೊಂಬತ್ತು ವರ್ಷ ಅದೇ ಗೋಡೆ ಹಾಗೇ ಇತ್ತು, ಯಾರಿಗೂ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಆದರೆ ಹೆಂಡತಿಗೆ ಒಮ್ಮೆ ಬೋಳಾಗಿ ಕಂಡ ಗೋಡೆಗೆ ಕೂದಲು ಬರಿಸುವುದು ಗಂಡನ ಜವಾಬ್ದಾರಿ. ಹಾಗಾಗಿ ಒಂದು ಭಾನುವಾರ ಸಿರಾಕ್ಕೆ ಹೋಗಿ, ಹಳೇ ಬಾಗಿಲು, ಕಂಬ, ತೊಟ್ಟಿಲುಗಳನ್ನು ಮಾರುವ ಪಾಷಾ ಸಾಹೇಬರ ಅಂಗಡಿಯಲ್ಲಿ ಧೂಳು ಕುಡಿಯುತ್ತ ಅರ್ಧ ದಿನ ಕಳೆದೆ. ಕೊನೆಗೆ ಒಂದು ಸಿಕ್ಕಿತು. ತೇಗದ ಚೌಕಟ್ಟು, ಎರಡೂ ಪಕ್ಕದಲ್ಲಿ ಬಳ್ಳಿ, ಬಳ್ಳಿಯ ತುಂಬ ಗಿಳಿ, ನೆತ್ತಿಯ ಮೇಲೆ ಎದುರುಬದುರಾಗಿ ಸೊಂಡಿಲೆತ್ತಿ ನಿಂತ ಎರಡು ಆನೆ. ಕೆತ್ತಿದವನ ಕೈಗೆ ಕೈಮುಗಿಯಬೇಕು, ಆನೆಯ ಕಾಲಿನ ಉಗುರು ಕೂಡ ಎಣಿಸುವ ಹಾಗಿತ್ತು. ಗಾಜು ಮಾತ್ರ ಅಲ್ಲಲ್ಲಿ ಹಿಂಬದಿಯ ಪಾದರಸ ಬಿಟ್ಟು ಕಪ್ಪು ಚುಕ್ಕೆಯಾಗಿತ್ತು. ಮುಖ ನೋಡಿಕೊಂಡರೆ ಕೆರೆ ನೀರಿನಲ್ಲಿ ನೋಡಿಕೊಂಡ ಹಾಗೆ.

'ಗಾಜು ಹೋಗಿಬಿಟ್ಟಿದೆಯಲ್ಲ ಸಾಹೇಬ್ರೇ, ಹೊಸದು ಹಾಕಿಸಿ ಕೊಡಿ' ಎಂದೆ. ಅವರು ಎರಡೂ ಕಿವಿ ಹಿಡಿದುಕೊಂಡರು. 'ತೋಬಾ ತೋಬಾ! ರಂಗಣ್ಣ, ಹೊಸಾ ಶೀಷಾ ಸಚ್ ಹೇಳ್ತದೆ, ಇದ್ದದ್ದು ಇದ್ದಂಗೆ. ಹಳೇದು ಇಜ್ಜತ್ ಇಡ್ತದೆ, ಮರ್ಯಾದೆ ಕಾಯ್ತದೆ. ನಮ್ಮ ವಯಸ್ಸಿಗೆ ಯಾವ್ದು ಬೇಕು, ನೀವೇ ಹೇಳಿ.' ದುಡ್ಡು ಎಣಿಸಿ ಕೊಟ್ಟೆ. ಹಳೇ ಬೆಡ್‌ಶೀಟಿನಲ್ಲಿ ಸುತ್ತಿಸಿಕೊಂಡು ಮಧುಗಿರಿ ಬಸ್ಸು ಹತ್ತಿದೆ. ಸುತ್ತಿದ ಬಟ್ಟೆ ದಾರಿಯಲ್ಲಿ ಜಾರಿ, ಹಿಂದಿನ ಸೀಟಿನವರೆಲ್ಲ ಅದರಲ್ಲಿ ಕ್ರಾಪು ಸರಿಮಾಡಿಕೊಳ್ಳತೊಡಗಿದರು. ನನ್ನನ್ನು ಚೆನ್ನಾಗಿ ಬಲ್ಲ ಕಂಡಕ್ಟರ್ ಬಂದು, 'ಇದ್ರೊಳಗೆ ಕಾಣೋರಿಗೆಲ್ಲ ಟಿಕೆಟ್ ಹರೀಲಾ ಸಾರ್, ಇಲ್ಲ ನೀವೊಬ್ರೇನಾ?' ಎಂದ.

ಬಲ್ಲ ಕಂಡಕ್ಟರ್ ಎಂದೆನಲ್ಲ, ನನ್ನ ಕೆಲಸ ಅಂಥದ್ದು. ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಮೈಕು ಹಿಡಿದು 'ಪ್ರಯಾಣಿಕರ ಗಮನಕ್ಕೆ' ಎನ್ನುವ ಧ್ವನಿ ನನ್ನದು. ಇಪ್ಪತ್ತೆರಡು ವರ್ಷದಿಂದ ಈ ಊರಿನ ಜನ ನನ್ನ ಮುಖ ನೋಡಿ ಗುರುತು ಹಿಡಿದದ್ದಿಲ್ಲ, ದನಿ ಕೇಳಿ ಹಿಡಿಯುತ್ತಾರೆ. ತರಕಾರಿ ಅಂಗಡಿಯಲ್ಲಿ 'ಅರ್ಧ ಕೇಜಿ ಬೀನ್ಸು' ಎಂದರೆ ಪಕ್ಕದ ಅಜ್ಜಿ ತಿರುಗಿ, 'ಪಾವಗಡದ ಬಸ್ಸು ಬಂತೇನಪ್ಪಾ' ಎನ್ನುತ್ತಾಳೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಮನೆಗೆ ತಂದ ಕನ್ನಡಿಯನ್ನು ಸುಜಾತ ಕಣ್ಣರಳಿಸಿ ನೋಡಿದಳು. ಅಮ್ಮ ಹತ್ತಿರ ಬಂದು ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಬಳ್ಳಿ ಸವರಿದಳು, ಗಿಳಿ ಸವರಿದಳು, ತುದಿಗಾಲಲ್ಲಿ ನಿಂತು ಆನೆಯ ಸೊಂಡಿಲನ್ನು ಬೆರಳಿನಿಂದ ಮೇಲಿನವರೆಗೂ ಹಿಡಿದುಕೊಂಡು ಹೋದಳು. 'ಎರಡಾನೆ ಸೊಂಡ್ಲೆತ್ತಿ ನಿಂತವೆ. ಅಂದ್ಮೇಲೆ ಮಧ್ಯದಾಗೆ ಲಕ್ಷ್ಮಿ ಇರ್ಲೇಬೇಕು ಕಣ್ಲಾ.' ಇಲ್ಲವಲ್ಲಮ್ಮ, ಆನೆಗಳ ಕೆಳಗೆ ಬರೀ ಕನ್ನಡಿ ಇದೆ ಎಂದೆ. 'ಅದ್ಕೇ ಕನ್ನಡಿ ಮಡಗವ್ರೆ. ಶುಕ್ರವಾರ ಬಂದು ನಿಂತ್ಕೋತಾಳೆ' ಎಂದಳು. ಆ ಶುಕ್ರವಾರವೇ ಗಾಜಿನ ಮೇಲೆ ಅರಿಶಿನ ಕುಂಕುಮ ಬಿತ್ತು, ಆನೆಗಳ ಕೊರಳಿಗೆ ಕನಕಾಂಬರ ಬಂತು. ಕುಂಕುಮ ಒಂದು ವಾರ ಗಾಜಿನ ನಡುವೆ ಇದ್ದರೆ ಇನ್ನೊಂದು ವಾರ ಮೂಲೆಯ ಗಿಳಿಯ ಕೊಕ್ಕಿಗೆ, ಮತ್ತೊಂದು ವಾರ ಆನೆಯ ಬೆನ್ನಿಗೆ ಇರುತ್ತಿತ್ತು. ಭಕ್ತಿ ಹೆಚ್ಚಾದಾಗ ಹೀಗೆಲ್ಲ ಆಗುತ್ತದೆ ಎಂದುಕೊಂಡು ನಾನು ಕೇಳಲು ಹೋಗಲಿಲ್ಲ. ಅದರ ಮುಂದೆ ತಲೆ ಬಾಚುವ ಹಾಗಿಲ್ಲ, ಗಡ್ಡ ಹೆರೆಯುವ ಹಾಗಿಲ್ಲ, ಚಪ್ಪಲಿ ಹಾಕಿಕೊಂಡು ಹಾಯುವ ಹಾಗಿಲ್ಲ. ಸ್ಟೇಟಸ್ಸಿಗೆಂದು ಬಂದ ಕನ್ನಡಿ ದೇವರಾಗಿ ಕುಳಿತಿತು. ನಾನು ಮೊದಲಿನಂತೆ ಬಚ್ಚಲಿನ ಅಂಗೈಯಗಲದ ಕನ್ನಡಿಯಲ್ಲಿ ಒಂದು ಸಲಕ್ಕೆ ಒಂದು ಕೆನ್ನೆಯಂತೆ ಗಡ್ಡ ಹೆರೆದುಕೊಂಡೆ.

ಹೀಗಿರುವಾಗ ಒಂದು ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿದೆ. ನೀರು ನೇರ ಹೋಗಲಿಲ್ಲ, ಎಡಗಡೆಯಿಂದ ತಾನೇ ದಾರಿ ಮಾಡಿಕೊಂಡು ಬನಿಯನ್ನಿನ ಮೇಲೆ ಇಳಿಯಿತು. ಬಚ್ಚಲಿನ ಕನ್ನಡಿಯಲ್ಲಿ ನೋಡಿದರೆ ಎಡಗೆನ್ನೆ ಜೋತುಬಿದ್ದಿದೆ, ಎಡಗಣ್ಣು ಮುಚ್ಚುತ್ತಿಲ್ಲ, ಬಾಯಿ ಬಲಗಡೆಗೆ ಹೋಗಿ ಕೂತಿದೆ. ಹಿಂದಿನ ದಿನ ಕಿಟಕಿ ಪಕ್ಕ ಕೂತು ತುಮಕೂರಿಗೆ ಹೋಗಿ ಬಂದದ್ದಕ್ಕೆ ಗಾಳಿ ಬಡಿದಿದೆ ಎಂದರು ನೆರೆಯವರು. ಮುಖದ ನರ ಊದಿಕೊಂಡಿದೆ ಎಂದರು ಡಾಕ್ಟರು. ಗುಳಿಗೆ ಕೊಟ್ಟರು, ಬಹಳ ಜನರಿಗೆ ವಾಸಿಯಾಗುತ್ತದೆ ಎಂದರು. ಎಲ್ಲರಿಗೂ ಅಲ್ಲವೇ ಎಂದು ಕೇಳಿದೆ. ಅವರು ಔಷಧಿ ಚೀಟಿ ಬರೆಯುವುದರಲ್ಲಿ ಮಗ್ನರಾದರು.

ನನಗೆ ಮುಖದ ಚಿಂತೆ ಅಷ್ಟಾಗಿ ಇರಲಿಲ್ಲ, ಅದರಿಂದ ಇದುವರೆಗೆ ಅಂಥ ಲಾಭವೇನೂ ಆಗಿರಲಿಲ್ಲ. ಚಿಂತೆಯೆಲ್ಲ ಮೈಕಿನದು. ತುಟಿ ಕೂಡದೆ ಹೇಳಬಹುದಾದ ಊರುಗಳು ನಮ್ಮ ಕಡೆ ಬಹಳ ಕಡಿಮೆ. ಸಿರಾ ಆಗುತ್ತದೆ, ಕೊರಟಗೆರೆ, ಕೊಡಿಗೇನಹಳ್ಳಿ ಹೇಗೋ ಆಗುತ್ತದೆ. ಮಧುಗಿರಿ, ಪಾವಗಡ, ಹಿಂದೂಪುರ, ಬೆಂಗಳೂರು ಎನ್ನಲು ಹೋದರೆ ಬರೀ ಗಾಳಿ ಸೋರುತ್ತಿತ್ತು, ಪಂಕ್ಚರ್ ಆದ ಟ್ಯೂಬಿನ ಹಾಗೆ. ಮೇಲಿನವರು ಒಳ್ಳೆಯವರೇ, ನನ್ನನ್ನು ಮೈಕಿನಿಂದ ಎಬ್ಬಿಸಿ ಬಸ್ಸು ಬಂದ ಹೋದ ವೇಳೆ ಬರೆಯುವ ಮೇಜಿಗೆ ಕೂರಿಸಿದರು. 'ಎರಡು ತಿಂಗಳು ನೋಡೋಣ ರಂಗಸ್ವಾಮಿ. ಆಗಲಿಲ್ಲ ಅಂದ್ರೆ ರೆಕಾರ್ಡ್ ಮಾಡಿದ ದನಿ ಹಾಕಿಬಿಡೋಣ, ನಿಮಗೂ ಆರಾಮು' ಎಂದರು. ಆ ರೆಕಾರ್ಡಿನ ಮಾದರಿಯನ್ನು ನನಗೇ ಕೇಳಿಸಿದರು. ಇಂಪಾದ ಹೆಣ್ಣು ದನಿ. ತೋವಿನಕೆರೆ ಎನ್ನುವುದನ್ನು ಯಾವುದೋ ದೂರದ ದೇಶದ ಹೆಸರು ಹೇಳುವ ಹಾಗೆ ಹೇಳಿತು. ನಾನು ನಗಲು ಹೋದೆ, ಅರ್ಧ ಮುಖ ಮಾತ್ರ ನಕ್ಕಿತು. ಹೊರಗೆ ಬಂದು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಒಬ್ಬನೇ ನಿಂತು ಪಾವಗಡ, ಪಾವಗಡ ಎಂದು ಹತ್ತು ಸಲ ಹೇಳಿ ನೋಡಿದೆ. ಒಂದೂ ಬರಲಿಲ್ಲ. ಆ ದಿನ ನನಗೆ ಅಳು ಬಂದದ್ದು ನಿಜ. ಅದೂ ಮುಚ್ಚದ ಎಡಗಣ್ಣಿನಿಂದ ಮೊದಲೇ ನೀರು ಸುರಿಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಡಾಕ್ಟರು ಹೇಳಿದ್ದ ವ್ಯಾಯಾಮ ಇದು: ಬೆಳಕಿನಲ್ಲಿ, ಪೂರ್ತಿ ಮುಖ ಕಾಣುವ ಕನ್ನಡಿಯ ಮುಂದೆ ನಿಂತು ಹುಬ್ಬೇರಿಸಬೇಕು, ಕಣ್ಣು ಬಿಗಿಯಾಗಿ ಮುಚ್ಚಬೇಕು, ಕೆನ್ನೆ ಉಬ್ಬಿಸಿ ಗಾಳಿ ಹಿಡಿಯಬೇಕು, ಹಲ್ಲು ಕಿರಿಯಬೇಕು, ಬಾಯಿಯನ್ನು ಎಡಕ್ಕೆ ಎಳೆಯಬೇಕು, ಶಿಳ್ಳೆ ಹಾಕಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ ಸರಿ, ಮುಖದ ಸೊಟ್ಟಿಗೆ ಬೇಕೇ ಬೇಕಲ್ಲ. ಮನೆಯಲ್ಲಿ ಪೂರ್ತಿ ಮುಖ ಕಾಣುವ ಕನ್ನಡಿ ಇದ್ದದ್ದು ಒಂದೇ. ಮೊದಲ ದಿನ ಅದರ ಮುಂದೆ ನಿಂತು ಕೆನ್ನೆ ಉಬ್ಬಿಸಿದ್ದೇ ತಡ, ಸುಜಾತಳಿಂದ ಸುದ್ದಿ ಹೋಗಿ ಅಮ್ಮ ಅಡುಗೆಮನೆಯಿಂದ ಬಂದಳು. 'ಲೇ, ಲಕ್ಷ್ಮಿಗೆ ಮೂತಿ ತಿರುವ್ತೀಯೇನ್ಲಾ? ಇರೋದೂ ಹೋಗ್ಲಿ ಅಂತಾನಾ?' ಆಗಲಮ್ಮ, ನಾಳೆ ಬೇರೆ ಕನ್ನಡಿ ತಂದುಕೊಳ್ಳುತ್ತೇನೆ ಎಂದು ಸೋರುವ ಬಾಯಲ್ಲಿ ಹೇಳಿದೆ. ಅಮ್ಮ ಒಳಗೆ ಹೋದಳು. ಸಂಜೆ ದೀಪ ಹಚ್ಚಿ ಬಂದು ನನ್ನ ಪಕ್ಕ ಕೂತಳು. 'ಹೊಸ್ದು ಯಾಕ್ಲಾ? ಇವ್ಳಿಗೇ ತೋರ್ಸು. ಕಾಯಿಲೇನ ಡಾಕ್ಟ್ರಿಗೆ ತೋರ್ಸಲ್ವಾ, ಅಂಗೆ. ಸ್ನಾನ ಮಾಡ್ಕಂಡು, ದೀಪ ಹಚ್ಚಿ, ತಪ್ಪಾತು ಅಂತ ಕೈಮುಗ್ದು ಆಮ್ಯಾಕೆ ಏನ್ ಬೇಕಾದ್ರೂ ಮಾಡ್ಕೋ.'

ಮರುದಿನದಿಂದ ಅಮ್ಮ ಮಣೆ ಹಾಕಿಕೊಂಡು ಕನ್ನಡಿಯ ಪಕ್ಕವೇ ಕೂರತೊಡಗಿದಳು. ನಾನು ಒದ್ದೆ ಪಂಚೆಯಲ್ಲಿ ನಿಂತು ಜಗನ್ಮಾತೆಗೆ ಕೈಮುಗಿದು, ಆಮೇಲೆ ಅವಳಿಗೇ ಹಲ್ಲು ಕಿರಿದು, ಶಿಳ್ಳೆ ಹಾಕುತ್ತಿದ್ದೆ. ಡಾಕ್ಟರು ಹತ್ತು ಸಲ ಎಂದಿದ್ದರು. ಅಮ್ಮನ ಲೆಕ್ಕದಲ್ಲಿ ಹತ್ತು ಎನ್ನುವುದು ಹರಕೆಗೆ ಆಗುವ ಸಂಖ್ಯೆಯಲ್ಲ, ಇಪ್ಪತ್ತೊಂದು ಆಗಬೇಕು. ಮುಗಿದ ಮೇಲೆ ಬಾಯಿ ನೆಟ್ಟಗಾದ ಲೆಕ್ಕ ತಿಳಿಯಲು 'ಏನಾದ್ರೂ ಬಂತೇನಮ್ಮ?' ಎಂದು ಕೇಳುತ್ತಿದ್ದೆ, ಏಕೆಂದರೆ ನನ್ನ ಎಡಗೆನ್ನೆ ಬರುವ ಕಡೆಯೇ ಗಾಜಿನ ಕಪ್ಪು ಚುಕ್ಕೆಗಳೆಲ್ಲ ಗುಂಪು ಸೇರಿದ್ದವು. ಅಮ್ಮ ಮುಂದಕ್ಕೆ ಬಾಗಿ ನನ್ನ ಕಡೆ ಮುಖ ಮಾಡಿ, 'ಒಂದ್ ರಾಗಿಕಾಳಷ್ಟು ಬಂದೈತೆ ಕಣ್ಲಾ' ಎನ್ನುತ್ತಿದ್ದಳು. ಎರಡು ವಾರ ದಿನಕ್ಕೊಂದು ರಾಗಿಕಾಳು ಬಂತು. ಆಮೇಲೆ ಎಳ್ಳು ಬಂತು. ಮಧ್ಯೆ ಒಂದು ದಿನ ನಾನು ಬೇಸತ್ತು, ಇದೆಲ್ಲ ಆಗುವ ಹೋಗುವ ಮಾತಲ್ಲ ಎಂದು ಸ್ನಾನ ಮಾಡದೆ ಮಲಗಿಬಿಟ್ಟೆ. ಅಮ್ಮ ಬಂದು ಎಬ್ಬಿಸಲಿಲ್ಲ, ಬೈಯಲಿಲ್ಲ. ಹತ್ತು ಗಂಟೆಗೆ ಎದ್ದು ನೋಡಿದರೆ ಬೆಳಗಿನ ಕಾಫಿಯೂ ಇಲ್ಲದೆ ಮಣೆಯ ಮೇಲೆ ಹಾಗೇ ಕೂತಿದ್ದಾಳೆ. ಆಗಲೇ ಸ್ನಾನ ಮಾಡಿ ಬಂದು ನಿಂತೆ, ಆಮೇಲೆ ಯಾವತ್ತೂ ತಪ್ಪಿಸಲಿಲ್ಲ.

ಇದರ ನಡುವೆ ಇನ್ನೊಂದು ಫಜೀತಿ ಆಯಿತು. ಶುಕ್ರವಾರದ ಹೂವು ತರುವ ನರಸಮ್ಮ ಪಾವಗಡದ ಕಡೆಯವಳು, ಅರ್ಧ ಕನ್ನಡ ಅರ್ಧ ತೆಲುಗು. ಒಂದು ಶುಕ್ರವಾರ ಅವಳು ಬಾಗಿಲಿಗೆ ಬಂದಾಗ ಒಳಗೆ ಕಂಡ ನೋಟ ಇದು: ಕುಂಕುಮ ಹಚ್ಚಿದ ಲಕ್ಷ್ಮಿ, ಉರಿಯುವ ದೀಪ, ಒದ್ದೆ ಪಂಚೆಯಲ್ಲಿ ಒಂದು ಕಣ್ಣು ಬಿಟ್ಟುಕೊಂಡು ಕೆನ್ನೆ ಉಬ್ಬಿಸಿ 'ಊ... ಈ...' ಎನ್ನುತ್ತಿರುವ ನಾನು, ಪಕ್ಕದಲ್ಲಿ ಕೈಮುಗಿದು ಕೂತ ಅಮ್ಮ. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರೇ ಆದರೂ ಏನು ತಿಳಿದುಕೊಳ್ಳಬೇಕೋ ಅದನ್ನೇ ಅವಳೂ ತಿಳಿದುಕೊಂಡಳು. ಹೂವಿನ ಬುಟ್ಟಿ ಅಲ್ಲೇ ಬಿಟ್ಟು ಬಂದು ನನ್ನ ಕಾಲಿಗೆ ಬಿದ್ದಳು. 'ಅಮ್ಮಾ ತಲ್ಲೀ, ಮಾ ಮೇಕ ಏಡ ಪೋಯಿಂದೋ ಚೆಪ್ಪು ತಲ್ಲೀ! ಮೂರು ದಿನ ಆತು, ಮನೀಗೆ ಬರ್ಲಿಲ್ಲ!' ಮೇಕೆ ಕಳೆದುಕೊಂಡ ಸಂಕಟ. ನಾನು ಆಗ ಬಾಯಿಯನ್ನು ಎಡಕ್ಕೆ ಎಳೆಯುವ ವ್ಯಾಯಾಮದಲ್ಲಿದ್ದೆ. ಇಪ್ಪತ್ತೊಂದು ಸಲ ಎಡಕ್ಕೆ ಎಳೆದೆ. ನಮ್ಮ ಮನೆಯಿಂದ ಎಡಕ್ಕೆ ಹೋದರೆ ಕೆರೆ. ನರಸಮ್ಮ ಎದ್ದವಳೇ ಆ ಕಡೆಗೆ ಓಡಿದಳು. ಮೇಕೆಗೂ ಬುದ್ಧಿ ಬೇಡವೇ, ಅದು ಅಲ್ಲೇ ಜಾಲಿ ಗಿಡದ ಹಿಂದೆ ನಿಂತಿತ್ತಂತೆ.

ಮುಂದಿನ ಶುಕ್ರವಾರ ಆರು ಜನ ತೆಂಗಿನಕಾಯಿ ಸಮೇತ ಬಂದರು. ಅಮ್ಮ ಬಾಗಿಲಿಗೆ ಅಡ್ಡ ನಿಂತು, 'ದೇವ್ರೂ ಇಲ್ಲ ಗೀವ್ರೂ ಇಲ್ಲ ಕಣಮ್ಮ, ನಮ್ ಹುಡ್ಗಂಗೆ ಬಾಯಿ ಸೊಟ್ಟಗಾಗೈತೆ' ಎಂದರೆ ನರಸಮ್ಮ ಬಿಡಬೇಕಲ್ಲ. 'ದೇವುಡು ಬಂದ್ರೆ ಬಾಯಿ ನೆಟ್ಟಗೆ ಇರ್ತದಾ ಅವ್ವಾ?' ಎಂದಳು. ನಾನು ವಿವರಿಸಲು ಹೋದೆ. ನನ್ನ ಬಾಯಿಂದ ಸೋರಿದ ಗಾಳಿಯನ್ನು ಅವರೆಲ್ಲ ಅಪ್ಪಣೆ ಎಂದು ಭಕ್ತಿಯಿಂದ ಕೇಳಿಸಿಕೊಂಡರು. ಕೊನೆಗೆ ಸುಜಾತ ನನ್ನ ಔಷಧಿ ಚೀಟಿಯನ್ನೂ ಗುಳಿಗೆ ಪಟ್ಟಿಯನ್ನೂ ತಂದು ಒಬ್ಬೊಬ್ಬರಿಗೂ ತೋರಿಸಿದ ಮೇಲೆ ನಿರಾಶರಾಗಿ ಹೋದರು. ಕಾಯಿ ಮಾತ್ರ ವಾಪಸ್ ಒಯ್ಯಲಿಲ್ಲ. ಆ ವಾರ ಮೂರು ಹೊತ್ತೂ ಕಾಯಿ ಚಟ್ನಿ. ನರಸಮ್ಮನಂತೂ ಹೋಗುವಾಗ 'ನಿಂಗೆ ವಾಸಿ ಆಗ್ಲಿ ಅಂತ ನಾನೂ ಲಕ್ಷ್ಮಿಗೆ ಮೊಕ್ಕೋತೀನಿ ಸ್ವಾಮಿ' ಎಂದು ಒಂದು ಮೊಳ ಹೂವು ಹೆಚ್ಚಿಗೆ ಇಟ್ಟು ಹೋದಳು. ಅದಾದ ಮೇಲೆ ಎಲ್ಲ ಶುಕ್ರವಾರಗಳಲ್ಲೂ ಆ ಒಂದು ಮೊಳ ಹೆಚ್ಚಿಗೆ ಇರುತ್ತಿತ್ತು. ನಾನು ಅವಳಿಗೆ ಏನೂ ಮಾಡಿರಲಿಲ್ಲ, ಬಾಯಿ ಸೊಟ್ಟ ಮಾಡಿದ್ದೆ ಅಷ್ಟೆ.

ಎಳ್ಳು ಹುರುಳಿಕಾಳಾಯಿತು, ಹುರುಳಿ ಅವರೆಕಾಳಾಯಿತು. ಏಳನೆಯ ವಾರದಲ್ಲಿ ಒಂದು ಬೆಳಗ್ಗೆ ಕೆನ್ನೆ ಉಬ್ಬಿಸಿದೆ, ಗಾಳಿ ಒಳಗೇ ನಿಂತಿತು. ಶಿಳ್ಳೆ ಹಾಕಿದೆ, ಶಿಳ್ಳೆ ಬಂತು. 'ಕಡ್ಲೇಕಾಯಷ್ಟು!' ಎಂದು ಅಮ್ಮ ಮಣೆಯಿಂದ ಎದ್ದೇಬಿಟ್ಟಳು. ಇನ್ನೊಂದು ವಾರಕ್ಕೆ 'ನೆಟ್ಟಗಾತು ಕಣ್ಲಾ, ಪೂರಾ ನೆಟ್ಟಗಾತು' ಎಂದು ಲಕ್ಷ್ಮಿಯ ಮುಂದೆ ಕಾಯಿ ಒಡೆದಳು. ನಾನು ಮೈಕಿಗೆ ಮರಳುವ ದಿನ ಅಮ್ಮ ತಾನೂ ಬರುತ್ತೇನೆಂದು ಹಠ ಹಿಡಿದು, ಸುಜಾತಳ ಕೈಹಿಡಿದುಕೊಂಡು ಬಂದು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತಳು. ನಾನು ಮೈಕು ಒತ್ತಿ, 'ಪ್ರಯಾಣಿಕರ ಗಮನಕ್ಕೆ, ಪಾವಗಡಕ್ಕೆ ಹೋಗುವ ಬಸ್ಸು' ಎಂದೆ. ಒಂದು ಚೂರೂ ಸೋರಲಿಲ್ಲ. ಕಿಟಕಿಯಿಂದ ನೋಡಿದರೆ ಅಮ್ಮ ಧ್ವನಿವರ್ಧಕದ ಕಂಬದ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಅಂದು ನಾನು ಆ ಬಸ್ಸನ್ನು ಮೂರು ಸಲ ಕೂಗಿದೆ. ಎರಡನೆಯ ಸಲಕ್ಕೇ ಬಸ್ಸು ಹೊರಟುಹೋಗಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಂಗಳೊಪ್ಪತ್ತಿನಲ್ಲಿ ಅಮ್ಮ ಒಂದು ದಿನ ದೀಪದ ಬತ್ತಿಯನ್ನು ಬಿಟ್ಟು ಪಕ್ಕದ ಗಂಧದಕಡ್ಡಿ ಪೊಟ್ಟಣಕ್ಕೆ ಬೆಂಕಿ ಹಚ್ಚಿದಳು. ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರೆ, ಎರಡೂ ಕಣ್ಣಲ್ಲಿ ಪೊರೆ ಪೂರ್ತಿ ಬಲಿತಿದೆ, ಒಂದು ವರ್ಷದಿಂದ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಂಡಿರಲಾರದು, ಮನೆಯವರು ಗಮನಿಸಲಿಲ್ಲವೇ ಎಂದು ನನ್ನನ್ನೇ ಕೇಳಿದರು. ಗಮನಿಸಲು ನನಗೆ ಪುರುಸೊತ್ತು ಎಲ್ಲಿತ್ತು, ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆನಲ್ಲ. ಎರಡೂ ಕಣ್ಣಿನ ಆಪರೇಷನ್ ಒಂದಾದ ಮೇಲೊಂದು ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಅಮ್ಮ ನೆಟ್ಟಗೆ ಹಜಾರಕ್ಕೆ ಹೋಗಿ ಆನೆಗಳನ್ನು ನೋಡಿದಳು, ಗಿಳಿಗಳನ್ನು ನೋಡಿದಳು, ಗಾಜಿನೊಳಗೆ ನೋಡಿ 'ಇದ್ಯಾವ್ ಮುದ್ಕಿ' ಎಂದಳು. ಆಮೇಲೆ ನನ್ನನ್ನು ಕರೆದು ಎಂದಿನಂತೆ ನಿಲ್ಲು ಎಂದಳು. ನಿಂತೆ. ಹಲ್ಲು ಕಿರಿ ಎಂದಳು. ಕಿರಿದೆ.

ಅಮ್ಮ ಹತ್ತಿರ ಬಂದು ನೋಡಿದಳು, ದೂರ ಹೋಗಿ ನೋಡಿದಳು. 'ಲೇ ರಂಗ, ಇನ್ನೂ ಒಂದ್ ಹುರುಳಿಕಾಳಷ್ಟು ಸೊಟ್ಟ ಐತಲ್ಲೋ!'

'ನೆಟ್ಟಗಾತು ಅಂತ ನೀನೇ ಕಾಯಿ ಒಡೆದ್ಯಲ್ಲಮ್ಮ.'

'ಅವಾಗ ನಂಗೆಲ್ಲಿ ಕಾಣ್ತಿತ್ತು?'

'ಮತ್ತೆ ದಿನಾ ಎಳ್ಳು, ಹುರುಳಿ, ಅವರೆ ಅಂತ ಹೇಳ್ತಿದ್ದದ್ದು?'

'ನಿನ್ ಬಾಯಿಂದ ಗಾಳಿ ಸೋರೋದು ಕೇಳ್ತಿತ್ತಲ್ಲ. ಸೋರೋದು ಕಮ್ಮಿ ಆದಂಗೆಲ್ಲ ಕಾಳು ದೊಡ್ಡದು ಮಾಡ್ತಾ ಹೋದೆ.'

ನಾನು ಬೆರಳಲ್ಲಿ ವಾರಗಳನ್ನು ಎಣಿಸಿ ಕೇಳಿದೆ. 'ಮೊದಲ ಎರಡು ವಾರ ಏನೂ ಕಮ್ಮಿ ಆಗಿರಲಿಲ್ಲವಲ್ಲಮ್ಮ. ಆ ರಾಗಿಕಾಳು?'

ಅಮ್ಮ ಸೆರಗಿನಿಂದ ಆನೆಯ ಬೆನ್ನಿನ ಹಳೇ ಕುಂಕುಮವನ್ನು ಒರೆಸುತ್ತಿದ್ದಳು. 'ಅದು ಸುಳ್ಳು ಕಣ್ಲಾ. ಏನ್ ಮಾಡ್ಲಿ, ನೀನು ಚಳೀಲಿ ಸ್ನಾನ ಮಾಡ್ಕಂಡ್ ಬಂದು ನಿಂತ್ಬುಟ್ಟಿರ್ತಿದ್ದೆ. ಏನೂ ಬಂದಿಲ್ಲ ಅಂತ ಹೆಂಗ್ಲಾ ಹೇಳೋದು?'

ಡಾಕ್ಟರ ಗುಳಿಗೆಗೆ ನಾನು ಋಣಿ, ಪಾಷಾ ಸಾಹೇಬರ ಕನ್ನಡಿಗೂ, ನರಸಮ್ಮನ ಒಂದು ಮೊಳ ಹೂವಿಗೂ ಋಣಿ. ಆದರೆ ನನ್ನನ್ನು ಹದಿನಾಲ್ಕು ದಿನ ನಿಲ್ಲಿಸಿದ್ದು ಆ ಹದಿನಾಲ್ಕು ಸುಳ್ಳು ರಾಗಿಕಾಳು.

ಉಳಿದ ಹುರುಳಿಕಾಳನ್ನು ಬಿಡಬಾರದೆಂದು ಅಮ್ಮ ಮತ್ತೆ ಮಣೆ ಹಾಕಿದ್ದಾಳೆ. ಮೊನ್ನೆ ಬೀರು ತೆಗೆದಾಗ ನಮ್ಮ ಮದುವೆಯ ಫೋಟೋ ಸಿಕ್ಕಿತು. ಪೇಟ, ಬಾಸಿಂಗ, ಅದರ ಕೆಳಗೆ ಇಪ್ಪತ್ತೇಳರ ನಾನು ನಗುತ್ತಿದ್ದೇನೆ. ಬಾಯಿಯ ಎಡತುದಿ ಸರಿಯಾಗಿ ಒಂದು ಹುರುಳಿಕಾಳಷ್ಟು ಕೆಳಗಿದೆ. ಸುಜಾತಳಿಗೆ ತೋರಿಸಿದರೆ, 'ನನಗೆ ಮೊದಲಿಂದ ಗೊತ್ತಿತ್ತು, ನೀವು ಕೇಳಲಿಲ್ಲ' ಎಂದಳು. ಹುಟ್ಟಿನಿಂದ ಬಂದ ಸೊಟ್ಟು, ಯಾವ ವ್ಯಾಯಾಮಕ್ಕೂ ಹೋಗುವಂಥದ್ದಲ್ಲ. ಫೋಟೋವನ್ನು ಅಮ್ಮನ ಕೈಗೆ ಸಿಗದ ಹಾಗೆ ಬೀರುವಿನ ತಳದಲ್ಲಿಟ್ಟು, ಈ ಬೆಳಗ್ಗೆಯೂ ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ನಿಂತೆ, ಇಪ್ಪತ್ತೊಂದು ಸಲ ಹಲ್ಲು ಕಿರಿದೆ. 'ಏನಾದ್ರೂ ಬಂತೇನಮ್ಮ?' ಎಂದೆ. ಎರಡು ಹೊಸ ಕಣ್ಣುಗಳಿಂದ ನನ್ನನ್ನು ಚೆನ್ನಾಗಿ ನೋಡಿ ಅಮ್ಮ ಹೇಳಿದಳು: 'ಒಂದ್ ರಾಗಿಕಾಳಷ್ಟು ಬಂದೈತೆ ಕಣ್ಲಾ.' ತಿರುಗಿ ಕನ್ನಡಿಯಲ್ಲಿ ನೋಡಿಕೊಂಡೆ. ನನಗೂ ಬಂದ ಹಾಗೇ ಕಂಡಿತು.